ಒಂಬತ್ತು ಸಹಿ

ನನಗೊಂದು ಕೆಟ್ಟ ಚಾಳಿಯಿದೆ. ಸಹಿಯಿಲ್ಲದ ಕಾಗದವನ್ನು ನಾನು ನಂಬುವುದಿಲ್ಲ. "ಯಮ ಕರ್ಯಕ್ ಬಂದ್ರೂ ಆರ್ಡರ್ ಕಾಪಿ ಕೇಳ್ತೀರ ನೀವು" ಎನ್ನುತ್ತಾಳೆ ನನ್ನ ಹೆಂಡತಿ ಶಾರದೆ.

ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ, ಕಸುಬು ತರಬೇತಿಯ ಯೋಜನೆಯೊಂದರಲ್ಲಿ ಈ ಚಾಳಿಗೆ ತಕ್ಕ ಕೆಲಸವೇ ಸಿಕ್ಕಿತು. ಅಂಗಡಿಗಳಲ್ಲಿ ಕಸುಬು ಕಲಿಯುವವರು ಇಂದು ಏನು ಕಲಿತೆವೆಂದು ದಿನವೂ ಪುಸ್ತಕದಲ್ಲಿ ಬರೆಯಬೇಕು, ಕಲಿಸಿದವರು ಕೆಳಗೆ ಸಹಿ ಹಾಕಬೇಕು. ಅದನ್ನು ನೋಡಿ ನಾನು ಸರ್ಟಿಫಿಕೇಟಿಗೆ ಶಿಫಾರಸು ಮಾಡಬೇಕು. ನಾನು ನಡೆಯಲು ಕಲಿತದ್ದಕ್ಕೆ ಯಾರೂ ಸಹಿ ಹಾಕಿಲ್ಲ, ಆದರೂ ಇಷ್ಟು ವರ್ಷ ಗಾಂಧಿಬಜಾರಿಗೆ ನಡೆದೇ ಹೋಗುತ್ತಿದ್ದೇನೆ. ಈ ಮಾತು ಆಗ ಹೊಳೆಯಲಿಲ್ಲ.

ಗಿರಿಜಾಳ ಪುಸ್ತಕ ಬಂದಾಗ ನನ್ನ ಕೆಂಪು ಪೆನ್ನು ತಾನಾಗಿ ಮೇಲೆದ್ದಿತು. ನಲವತ್ತು ದಾಟಿದ ಹೆಂಗಸು, ಚಾಮರಾಜಪೇಟೆಯ ನಂಜುಂಡಪ್ಪನವರ ಅಂಗಡಿಯಲ್ಲಿ ಹಾರ್ಮೋನಿಯಂ ರಿಪೇರಿ ಕಲಿಯುತ್ತಿದ್ದಳು. ಹದಿನಾಲ್ಕು ತಿಂಗಳಿನ ಪುಟಗಳು, ಮುದ್ದಾದ ಅಕ್ಷರ. ಸಹಿ ಮಾತ್ರ ಒಂಬತ್ತೇ ಒಂಬತ್ತು! ಅಂಗಡಿಗೇ ಹೋಗಿ ಕೇಳಿದೆ.

"ನಾನು ಕೈ ಹಾಕ್ದೆ ಅವ್ಳೊಬ್ಳೇ ಶ್ರುತಿ ಕೂಡ್ಸಿದ್ ದಿನ ಹಾಕಿದೀನಲ್ಲ ಸ್ವಾಮಿ," ಎಂದರು ಮುದುಕರು. "ಮಿಕ್ಕಿದ್ ದಿನ ಏನಂತ ಹಾಕ್ಲಿ?"

"ಅಂಗಡಿಗೆ ಬಂದಿದ್ಳು, ಕಲೀತಿದ್ಳು ಅಂತ ಹಾಕಿ ಸಾಕು."

"ಶ್ರುತಿ ಸೇರ್ದೇ ಇದ್ದಿದ್ಕೆ ಸಹಿ ಹಾಕಿ ನನಗೆ ಅಭ್ಯಾಸ ಇಲ್ಲ."

ಹೊರಗೆ ಗಿರಿಜಾ ಕೈಯುಜ್ಜುತ್ತ ನಿಂತಿದ್ದಳು. "ಸಾರ್, ಸರ್ಟಿಫಿಕೇಟ್ ಇದ್ರೆ ಸಂಗೀತ ಶಾಲೇಲಿ ಕೆಲ್ಸ ಕೊಡ್ತಾರಂತೆ. ಹೆಂಗಾದ್ರೂ ಮಾಡಿ." ಮುದುಕರು ನಾಲ್ಕು ದಿನದಲ್ಲಿ ದಾರಿಗೆ ಬಂದಾರು ಎಂದುಕೊಂಡೆ. ಆ ಸಂಜೆ ಶಾರದೆ ಪಕ್ಕದ ಕೋಣೆಯಲ್ಲಿ, ಅದೇ ಅಂಗಡಿಯಿಂದ ರಿಪೇರಿಯಾಗಿ ಬಂದಿದ್ದ ಹಾರ್ಮೋನಿಯಂ ಹಿಡಿದು ದೇವರನಾಮ ಹೇಳುತ್ತಿದ್ದಳು. "ರಿಪೇರಿ ಆದ್ಮೇಲೆ ದನಿ ಎಷ್ಟ್ ಚೆನ್ನಾಗಿದೆ ಕಣೇ" ಎಂದು ತಲೆದೂಗುತ್ತ, "ಪುರಾವೆ ಸಾಲದು" ಎಂದು ಕೆಂಪಿನಲ್ಲಿ ಬರೆದು ಪುಸ್ತಕ ವಾಪಸು ಕಳಿಸಿದೆ.

ಅದಾದ ಮೂರನೆಯ ವಾರ ನಂಜುಂಡಪ್ಪನವರು ತೀರಿಕೊಂಡರು. ಅಂಗಡಿ ಮುಚ್ಚಿತು. ಸಹಿ ಹಾಕುವ ಕೈಯೇ ಇಲ್ಲವಾಯಿತು. ಸಂಗೀತ ಶಾಲೆಯ ಕೆಲಸ, ಪುಸ್ತಕದ ತುಂಬ ಸಹಿಯಿದ್ದ ಬೇರೆಯವರಿಗೆ ಹೋಯಿತು. ಗಿರಿಜಾ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬಿಡಿ ಸಾರ್" ಎಂದು ಹೇಳಿ ತರಗುಪೇಟೆಯ ಬೇಳೆ ಮಂಡಿಯೊಂದರಲ್ಲಿ ಕೆಲಸಕ್ಕೆ ಸೇರಿದಳು. ನನಗೆ ಅನ್ನ ಸೇರದೆ ಹೋಯಿತು.

ಕೆಲವು ತಿಂಗಳ ಮೇಲೆ, ಹಾರ್ಮೋನಿಯಂ ಒಳಗೆ ಜಿರಳೆ ಹೊಕ್ಕಿತೆಂದು ಶಾರದೆ ಕಿರುಚಿಕೊಂಡಳು. ತಿರುಪು ಬಿಚ್ಚಿದೆ. ರಿಪೇರಿಯವರು ಕೆಲಸ ಮುಗಿಸಿ ಒಳಹಲಗೆಯ ಮೇಲೆ ಪೆನ್ಸಿಲಿನಲ್ಲಿ ಹೆಸರು ಬರೆದು ಮುಚ್ಚುವ ರೂಢಿಯಂತೆ. ನನಗೆ ಅಂದೇ ಗೊತ್ತಾದದ್ದು. ನಂಜುಂಡಪ್ಪನವರ ನಡುಗುವ ಅಕ್ಷರ: "ಶ್ರುತಿ ಕೂಡಿಸಿದ್ದು ಗಿರಿಜಾ. ನಾನು ಮುಟ್ಟಿಲ್ಲ." ಕೆಳಗೆ ಸಹಿ, ತಾರೀಖು. ಆ ಒಂಬತ್ತು ತಾರೀಖೂ ನನಗೆ ಬಾಯಿಪಾಠವಾಗಿತ್ತು; ಇದು ಗಿರಿಜಾಳ ಪುಸ್ತಕದ ಮೂರನೆಯ ಸಹಿಯ ದಿನ. ಪುರಾವೆಯನ್ನು ನಾನು ಪ್ರತಿ ಸಂಜೆ ಕೇಳುತ್ತಿದ್ದೆ! ಅಯ್ಯೋ, ಎಂಥ ಕಿವಿ ಇದು ಎಂದು ಅಲ್ಲೇ ಕುಳಿತು ಅತ್ತೆ. ಜಿರಳೆ ಎಲ್ಲಿ ಹೋಯಿತೋ ಕಾಣೆ.

ಆ ಸಾಲಿನ ಸರ್ಟಿಫಿಕೇಟಿನ ಪಟ್ಟಿ ಮುಚ್ಚಿಹೋಗಿತ್ತು. ಆದರೂ ಹಲಗೆಯ ಫೋಟೊ ತೆಗೆದುಕೊಂಡು ಮಂಡಿಗೆ ಹೋದೆ. ಗಿರಿಜಾ ಬೇಳೆಯ ಧೂಳಿನ ಕೈಯನ್ನು ಸೆರಗಿಗೆ ಒರೆಸಿ, ಎರಡು ಸಲ ಓದಿದಳು. "ನನ್ನೆದುರಿಗೆ ಒಂದಿನಾನೂ ಚೆನ್ನಾಗಿದೆ ಅಂದಿರ್ಲಿಲ್ಲ ಅವರು" ಎಂದು ಕಣ್ಣೊರೆಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು: "ಸಾರ್, ಆ ಪೆಟ್ಟಿಗೇಲಿ ಮಧ್ಯದ 'ಸ' ಬಾಳ ಸತಾಯಿಸ್ತಿತ್ತು. ಈಗ್ಲೂ ಸರಿಯಾಗಿ ನಿಂತಿದ್ಯಾ?"

"ನಿಂತಿದೆಯಮ್ಮ" ಎಂದೆ. ಅಷ್ಟು ಹೇಳಲು ನನಗೆ ಯಾರ ಸಹಿಯೂ ಬೇಕಾಗಲಿಲ್ಲ.