ಸಿಂಗಾಪುರದ ಬಾಗಿಲಲ್ಲಿ ಒಂದು ಗುಟುಕು ನೀರು

ಓದುವ ಎಲ್ಲರಿಗೂ ನಮಸ್ಕಾರ. ನಾನು ಮೂವತ್ತೈದು ದಾಟಿದ ಮೇಲೆ ಹತ್ತನೇ ಕ್ಲಾಸು ಪಾಸಾದವನು. ಒಂದೊಂದೇ ಅಕ್ಷರ ಹುಡುಕಿ ಟೈಪ್ ಮಾಡಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ದೊಡ್ಡಮ್ಮನಿಗೆ ಕಣ್ಣಿನ ಪೊರೆ ಬಂದಿತ್ತು. ಆಪರೇಷನ್ನಿಗೆಂದು ಎರಡು ಸಲ ಹೊರಟು ಎರಡು ಸಲವೂ ಮನೆಗೆ ವಾಪಸಾಗಿದ್ದಳು. ಹೊರಟವರನ್ನು ಯಾರಾದರೂ ‘ಎಲ್ಲಿಗೆ’ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬುದು ಅವಳ ನಂಬಿಕೆ. ಕೂತು, ನೀರು ಕುಡಿದು, ಮತ್ತೆ ಹೊರಡಬೇಕು. ಅಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಇನ್ನು ತಡ ಮಾಡಿದರೆ ಕಣ್ಣು ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು.

ಅದಕ್ಕೇ ಈ ಸಲ ಬೀದಿ ಏಳುವ ಮುಂಚೆ, ಐದು ಗಂಟೆಗೇ ಮಧುಗಿರಿ ಬಿಟ್ಟೆವು. ಕಂಡಕ್ಟರ್ ಬಾಯಿ ತೆರೆಯುವ ಮೊದಲೇ ನಾನು “ಎರಡು ಬೆಂಗಳೂರು” ಎಂದುಬಿಟ್ಟೆ. ಮೆಜೆಸ್ಟಿಕ್‌ನಲ್ಲಿ ಇಡ್ಲಿ ತಿಂದು ವೈಟ್‌ಫೀಲ್ಡ್ ಬಸ್ಸು ಹತ್ತಿದೆವು. ಮಾರತ್ತಹಳ್ಳಿಯ ಟ್ರಾಫಿಕ್ಕಿನಲ್ಲೇ ಮುಕ್ಕಾಲು ಗಂಟೆ ನಿಂತಿತು. ವೈಟ್‌ಫೀಲ್ಡಿನ ಆಸ್ಪತ್ರೆಯಲ್ಲಿ ಆಪರೇಷನ್ನು ಮರುದಿನ. ಉಳಿಯಬೇಕಾದದ್ದು ನನ್ನ ತಂಗಿಯ ರೂಮಿನಲ್ಲಿ. ಅವಳು ಗಾರ್ಮೆಂಟ್ಸ್‌ನಿಂದ ಬರುವುದು ಸಂಜೆ. ಅಲ್ಲಿಯವರೆಗೆ ನೆರಳಾದರೂ ಸಿಗಲಿ ಎಂದು ಹತ್ತಿರದ ಮಾಲಿಗೆ ಹೋದೆವು.

ಆ ಮಾಲು ವಿಮಾನ ನಿಲ್ದಾಣದ ಹಾಗಿತ್ತು. ಒಂದೊಂದು ಮಹಡಿಗೆ ಒಂದೊಂದು ಊರಿನ ಹೆಸರು. ಬಾಗಿಲಲ್ಲಿ ಗಗನಸಖಿಯ ಉಡುಪಿನ ಹುಡುಗಿ ಕೈ ಮುಗಿದು ಕೇಳಿಯೇಬಿಟ್ಟಳು. “ಬರ್ರಿ, ಎಲ್ಲಿಗೆ ಹೊಂಟೀರಿ? ಪ್ಯಾರಿಸ್ಸೋ, ಸಿಂಗಾಪುರಾನೋ?”

ದೊಡ್ಡಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತಳು. “ಮುಗೀತು ಕಣೋ ರಂಗ. ನಡಿ ಊರ್‍ಗೆ. ನಾಳೆ ನನ್ ಕಣ್ಣು ಮುಟ್ಟುಸಾಕಿಲ್ಲ.”

ನೀರು ಕುಡಿಸೋಣವೆಂದರೆ ನಮ್ಮ ಬಾಟಲಿ ಬಸ್ಸಿನಲ್ಲೇ ಉಳಿದಿತ್ತು. ಹುಡುಗಿ ಗಾಬರಿಯಿಂದ “ಏನಾತ್ರಿ ಅಣ್ಣಾ?” ಎಂದಳು. ಹೇಳಿದೆ.

“ಅಯ್ಯ, ನಮ್ಮ ಕೊಪ್ಪಳದಾಗೂ ಹಂಗ ಐತ್ರಿ! ಇಲ್ಲಿ ಬಂದಾವ್ರನ್ನೆಲ್ಲಾ ಹಿಂಗ ಕೇಳಾಕ ಹಚ್ಯಾರ ನನಗ.” ಒಳಗೋಡಿ ತನ್ನದೇ ಬಾಟಲಿ ತಂದಳು. “ಕುಡೀರಿ ಅವ್ವಾ.”

ದೊಡ್ಡಮ್ಮ ಒಂದು ಗುಟುಕು ಕುಡಿದಳು. “ಇನ್ನೊಂದ್ಸಲ ಕೇಳ್ಬೇಡ ಕಣವ್ವ.”

“ಇಲ್ಲರಿ. ಹೋಗಿ ಬರ್ರಿ.”

“ಇಂಗೆ ಅಂದ್ರೆ ಆಯ್ತಪ್ಪ. ನಿಂಗೆ ಕೆಲ್ಸ ಕಲ್ಸಿದೋನ್ಗೆ ಅಷ್ಟೂ ಗೊತ್ತಿಲ್ವಾ?” ಎನ್ನುತ್ತಾ ಎದ್ದಳು.

ಎಸ್ಕಲೇಟರ್ ಬೇಡವೆಂದಳು, ಲಿಫ್ಟಿನಲ್ಲಿ ಸಿಂಗಾಪುರಕ್ಕೆ ಹೋದೆವು. ಅಲ್ಲಿ ಬಾಯಿಂದ ನೀರು ಉಗುಳುವ ಸಿಂಹದ ಬೊಂಬೆಯಿತ್ತು. “ಅದೇನೋ ಬೆಳ್ಳಗೆ, ಸುಣ್ಣದ ಗುಡ್ಡೆನಾ?” ಎಂದು ಕೇಳಿದಳು. ಸಿಂಹ ಎಂದೆ. “ನಂಗೇನ್ ಕಾಣ್ತದೆ, ಬಿಡು” ಎಂದು ಮುಂದೆ ನಡೆದಳು.

ಬೆಳಿಗ್ಗೆ ಅವಳನ್ನು ರೂಮಿನಲ್ಲೇ ಕೂರಿಸಿ ನಾನೊಬ್ಬನೇ ಹೋಗಿ ಆಟೋ ಕರೆತಂದೆ. ಡ್ರೈವರಿಗೆ ಆಸ್ಪತ್ರೆಯ ದಾರಿ ಮೊದಲೇ ಹೇಳಿ, “ಅವ್ರು ಹತ್ತಿದ್ಮೇಲೆ ಏನೂ ಕೇಳ್ಬೇಡ ಗುರು” ಎಂದಿದ್ದೆ. ಅವನು ನಗುತ್ತಾ ಸುಮ್ಮನೆ ಓಡಿಸಿದ. ಆಪರೇಷನ್ನು ಸಲೀಸಾಗಿ ಆಯಿತು. ಪಟ್ಟಿ ಬಿಚ್ಚಿಸಿಕೊಂಡು ಬರುವಾಗ ಅವಳೇ ಹಟ ಹಿಡಿದು ಮತ್ತೆ ಮಾಲಿಗೆ ಕರೆದೊಯ್ದಳು. ಕಪ್ಪು ಕನ್ನಡಕದಲ್ಲೇ ಸಿಂಹದ ಮುಂದೆ ಬಹಳ ಹೊತ್ತು ನಿಂತಿದ್ದಳು.

ಮಧುಗಿರಿಯಲ್ಲಿ ಇಳಿದಾಗ ಹೂವಿನವಳು “ಎಲ್ಲಿಗೋಗಿದ್ದೆ ಅಕ್ಕಾ?” ಎಂದಳು. ನಾನು ನೀರಿಗೆಂದು ಚೀಲಕ್ಕೆ ಕೈ ಹಾಕಿದೆ. ದೊಡ್ಡಮ್ಮ ಮಾತ್ರ ಆರಾಮಾಗಿ, “ಸಿಂಗಾಪುರಕ್ಕೆ ಕಣೆ. ಅಲ್ಲೊಂದು ಸಿಂಹ ಐತೆ. ಪಾಪ, ಬಾಯಾಗೆ ಒಂದ್ ಹಲ್ಲೂ ಇಲ್ಲ” ಎಂದಳು.

ನಿಮ್ಮ ಮನೆಯಲ್ಲೂ ಹೀಗೆ ನೀರು ಕುಡಿದು ಮತ್ತೆ ಹೊರಟವರಿದ್ದರೆ, ಅವರ ಪ್ರಯಾಣ ಏನಾಯಿತೆಂದು ನಾಲ್ಕು ಸಾಲು ಬರೆಯಿರಿ. ದೊಡ್ಡಮ್ಮನಿಗೆ ಓದಿ ಹೇಳುತ್ತೇನೆ.