ಬ್ರಾಕೆಟ್ ಅಕ್ಕ ಮತ್ತು ಏಳನೇ ಪ್ಯಾರಾ

ಸಚಿವಾಲಯದ ಮೂರನೇ ಮಹಡಿಯಲ್ಲಿ ಆಕೆಯ ನಿಜವಾದ ಹೆಸರು ಸಂಬಳದ ಗುಮಾಸ್ತನನ್ನು ಬಿಟ್ಟರೆ ಬೇರೆ ಯಾರಿಗೂ ನೆನಪಿರಲಿಲ್ಲ. ಎಲ್ಲರ ಬಾಯಲ್ಲೂ ಬ್ರಾಕೆಟ್ ಅಕ್ಕ. ಬೇರೆ ದೇಶದವರ ಜೊತೆ ಒಪ್ಪಂದದ ಮಾತುಕತೆ ನಡೆದಾಗಲೆಲ್ಲ ಕರಡು ಟೈಪ್ ಮಾಡುವವಳು ಆಕೆಯೇ. ಆ ಕೆಲಸಕ್ಕೊಂದು ಪದ್ಧತಿಯಿದೆ. ಎರಡೂ ಕಡೆಯವರು ಒಪ್ಪದ ಮಾತನ್ನು ಚೌಕ ಬ್ರಾಕೆಟ್ಟಿನೊಳಗೆ ಕೂಡಿಹಾಕುತ್ತಾರೆ. ಜಗಳ ತೀರಿದ ಮೇಲೆ ಬ್ರಾಕೆಟ್ ಬಿಚ್ಚುತ್ತಾರೆ. ಮಂತ್ರಿಗಳು ಬಂದರು, ಹೋದರು, ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಅಕ್ಕ ಮಾತ್ರ ಕಿಟಕಿ ಪಕ್ಕದ ಕುರ್ಚಿಯಲ್ಲಿ ಗೂಟ ಹೊಡೆದುಕೊಂಡು ಕೂತಿದ್ದಳು.

ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಆಕೆ ಇನ್ನೂ ಟೈಪಿಂಗ್ ಕಲಿಯುತ್ತಿದ್ದ ಹುಡುಗಿ. ತಮ್ಮ ಆಗಿನ್ನೂ ಮಗ್ಗಿ ಕಲಿಯುತ್ತಿದ್ದ. ಮದುವೆಯ ಮಾತೆತ್ತಿಕೊಂಡು ಬಂದವರಿಗೆಲ್ಲ ನನ್ನ ಜೊತೆ ಇವನೂ ಬರುತ್ತಾನೆ ಎಂದಳು. ಬಂದವರು ಚಹಾ ಕುಡಿದು ಕಂಬಿ ಕಿತ್ತರು. ಅಕ್ಕನಿಗೆ ಅದರಿಂದ ಅಂಥ ಬೇಜಾರೇನೂ ಆಗಲಿಲ್ಲ. ತಮ್ಮ ಬೆಳೆದ, ಟೆಲಿಫೋನ್ ಲೈನ್‌ಮನ್ ಆದ, ಮೆಚ್ಚಿದವಳನ್ನು ಮದುವೆಯಾಗಿ ಅದೇ ಮನೆಗೆ ಕರೆತಂದ. ಆಮೇಲೆ ಯುದ್ಧ ಬಂತು. ಗಡಿಯಲ್ಲಿ ಕಡಿದುಹೋದ ತಂತಿ ಜೋಡಿಸಲೆಂದು ಏಣಿ ಹೊತ್ತ ಲಾರಿ ಹತ್ತಿ ಹೋದವನು ಮರಳಿ ಬರಲಿಲ್ಲ. ವರ್ಷಗಳು ಕಳೆದರೂ ಸತ್ತ ಸುದ್ದಿಯೂ ಇಲ್ಲ, ಬದುಕಿರುವ ಸುದ್ದಿಯೂ ಇಲ್ಲ. ಸರ್ಕಾರದ ಲೆಕ್ಕದಲ್ಲಿ ಅವನು ಕಾಣೆಯಾದವನು.

ಮನೆಯಲ್ಲಿ ಉಳಿದವರು ಅಕ್ಕ ಮತ್ತು ತಮ್ಮನ ಹೆಂಡತಿ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಕೆಲಸ ಆಕೆಯದು. ಅಕ್ಕ ಆಕೆಯನ್ನು ಕರೆಯುವುದು ಪುಟ್ಟಿ ಎಂದು. ಪುಟ್ಟಿಗೆ ನಲವತ್ತು ದಾಟಿತ್ತು ಅನ್ನುವುದು ಬೇರೆ ಮಾತು. ಬೀದಿಯ ಕೊನೆಯಲ್ಲಿ ಒಬ್ಬ ಕನ್ನಡಕದಂಗಡಿಯವನಿದ್ದ, ಹೆಂಡತಿ ಸತ್ತವನು, ಮಾತು ಕಮ್ಮಿ. ಎರಡು ವರ್ಷದಲ್ಲಿ ಪುಟ್ಟಿಯ ಕಣ್ಣಿನ ನಂಬರ್ ಎಳ್ಳಷ್ಟೂ ಬದಲಾಗಿರಲಿಲ್ಲ, ಕನ್ನಡಕ ಮಾತ್ರ ಮೂರು ಸಲ ಬದಲಾಗಿತ್ತು. ಅಕ್ಕ ಕುರುಡಿಯೇನಲ್ಲ. ಕಂಡೂ ಕಾಣದ ಹಾಗಿದ್ದಳು. ಈಗ ಅವನು ಅಂಗಡಿ ಮುಚ್ಚಿ ತಂಗಿಯಿರುವ ಊರಿಗೆ ಹೊರಟಿದ್ದ. ತಂಗಿ ಅಲ್ಲೊಂದು ಹೆಣ್ಣು ನೋಡಿಟ್ಟಿದ್ದಳು. ನೀವು ಹೂಂ ಅಂದರೆ ಆ ಮಾತು ಬಿಡುತ್ತೇನೆ, ತಿಂಗಳೊಳಗೆ ಯೋಚಿಸಿ ಹೇಳಿ ಎಂದು ಪುಟ್ಟಿಯನ್ನು ಕೇಳಿದ್ದ. ಪುಟ್ಟಿ ಅದನ್ನು ಅಕ್ಕನಿಗೂ ತಿಳಿಸಿದ್ದಳು, ಹೂಂ ಅನ್ನುವವಳೇ ಇದ್ದಳು.

ಶಾಂತಿ ಘೋಷಣೆಯ ಮಾತುಕತೆ ಶುರುವಾದದ್ದು ಆಗಲೇ. ಆಚೆ ಕಡೆಯವರು ಬಂದು ಮೂರನೇ ಮಹಡಿಯ ದುಂಡು ಮೇಜಿನ ಸುತ್ತ ಕೂತರು. ಯುದ್ಧಕ್ಕೆ ‘ವಿಷಾದ’ ಸಾಕೋ ‘ದುಃಖ’ವೇ ಬೇಕೋ ಎಂದು ಒಂದಿಡೀ ಬೆಳಗ್ಗೆ ಕಿತ್ತಾಡಿದರು. ಸತ್ತವರು ಯಾವುದಕ್ಕಾದರೂ ಎದ್ದು ಬರುತ್ತಿದ್ದರೋ ಏನೋ. ‘ಕೂಡಲೇ’ ಹೋಗಿ ‘ಆದಷ್ಟು ಬೇಗ’ ಬಂತು, ಅದೂ ಬ್ರಾಕೆಟ್ಟಿಗೆ ಬಿತ್ತು. ಅಕ್ಕನ ಕಣ್ಣೆಲ್ಲ ಏಳನೇ ಪ್ಯಾರಾದ ಮೇಲೆ. ಕಾಣೆಯಾದವರ ವಿವರ ಎರಡೂ ಕಡೆಯವರು ಕೊಡಬೇಕು, ಸೆರೆಯಲ್ಲಿರುವವರನ್ನು ಮನೆಗೆ ಕಳಿಸಬೇಕು ಎಂದಿತ್ತು ಅದರಲ್ಲಿ. ಅದು ಇಡಿಯಾಗಿ ಬ್ರಾಕೆಟ್ಟಿನೊಳಗೆ ಕೂತಿತ್ತು, ವಾರಗಟ್ಟಲೆ.

ಒಂದು ಮಂಗಳವಾರ ಉಪ ಕಾರ್ಯದರ್ಶಿಗಳು ಬಂದು, ಏಳನೇದರ ಬ್ರಾಕೆಟ್ ತೆಗೀರಿ ಅಕ್ಕ ಎಂದರು. ಎರಡು ಸಲ ಕೀ ಒತ್ತಿದರೆ ಮುಗಿಯುವ ಕೆಲಸ. ಅಕ್ಕ ಪಕ್ಕದ ಕೀ ಒತ್ತಿದಳು, ಅಳಿಸಿದಳು, ಮತ್ತೆ ಒತ್ತಿದಳು.

ಕರಡಿನ ವಿಷಯ ಮನೆಯವರ ಹತ್ತಿರವೂ ಬಾಯಿಬಿಡುವುದಿಲ್ಲ ಎಂದು ಆಕೆ ಪ್ರಮಾಣ ಮಾಡಿದ್ದಳು. ಅಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಆ ಸಂಜೆ ಚಪ್ಪಲಿ ಬಿಡುವ ಮೊದಲೇ ಎಲ್ಲ ಹೇಳಿಬಿಟ್ಟಳು.

“ಅವನು ಬರ್ತಾನೆ ಪುಟ್ಟಿ. ಏಳನೇದರಲ್ಲಿ ಬಂದಿದೆ, ನಾನೇ ಟೈಪ್ ಮಾಡಿದೆ. ಆ ಕನ್ನಡಕದವರಿಗೆ ಇಲ್ಲ ಅಂತ ಹೇಳಿಬಿಡು. ಇನ್ನೊಂದು ಸ್ವಲ್ಪ ದಿನ ಇರು.”

ಪುಟ್ಟಿ ಅಕ್ಕನ ಕೈಯ ಚೀಲ ತೆಗೆದುಕೊಂಡು ಮೊಳೆಗೆ ತೂಗುಹಾಕಿದಳು. ಆಮೇಲೆ ಆಗಲಿ ಅಕ್ಕ ಎಂದಳು. ಅಕ್ಕನಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಬ್ರಾಕೆಟ್ ಬಿಚ್ಚಿದ ಮಾತ್ರಕ್ಕೆ ಮಾತು ಉಳಿಯಿತು ಅಂದುಕೊಳ್ಳಬೇಡಿ, ಸಹಿ ಬೀಳುವತನಕ ಏನನ್ನೂ ನಂಬಬೇಡಿ. ಹೊಸದಾಗಿ ಸೇರಿದ ಟೈಪಿಸ್ಟುಗಳಿಗೆಲ್ಲ ಅಕ್ಕ ಹೇಳಿಕೊಡುತ್ತಿದ್ದ ಮೊದಲ ಪಾಠವೇ ಅದು. ತನ್ನ ತಮ್ಮನ ವಿಷಯಕ್ಕೆ ಬಂದಾಗ ಅದೇ ಮರೆತುಹೋಯಿತು, ಪಾಪ.

ಮುಂದಿನ ವಾರ ನದಿಯ ಮೇಲಿನ ಸೇತುವೆ ಯಾರದೆಂದು ಮಾತುಕತೆ ಮುರಿದು ಬೀಳುವ ಹಂತಕ್ಕೆ ಬಂತು. ಬುಧವಾರ ಮಧ್ಯಾಹ್ನ ಉಪ ಕಾರ್ಯದರ್ಶಿಗಳು ಕಿತ್ತಳೆ ಸುಲಿಯುತ್ತಾ ಬಂದರು. ಮುಖ ಅರಳಿತ್ತು.

“ಏಳನೇದು ಪೂರ್ತಿ ತೆಗೆದುಬಿಡಿ ಅಕ್ಕ. ಅದನ್ನ ಬಿಟ್ಕೊಟ್ವಿ, ಸೇತುವೆ ಸಿಕ್ತು.”

ಕೆಟ್ಟ ಮನುಷ್ಯರಲ್ಲ ಅವರು. ತಮ್ಮ ಕಾಣೆಯಾದ ವರ್ಷ ಅಕ್ಕನ ಮನೆಗೆ ಬಂದು ತಲೆ ತಗ್ಗಿಸಿ ಕೂತು ಹೋಗಿದ್ದವರೇ. ಈಗ ಮರೆತಿದ್ದರು, ಅಷ್ಟೇ. ಎರಡು ತೊಳೆ ಕಿತ್ತಳೆಯನ್ನು ಕೀಬೋರ್ಡಿನ ಪಕ್ಕ ಇಟ್ಟುಹೋದರು. ಅಕ್ಕ ಪ್ಯಾರಾ ಅಳಿಸಿದಳು. ಎಂಟನೆಯದು ತಾನಾಗಿಯೇ ಏಳನೆಯದಾಯಿತು.

ಅಂದು ಸಂಜೆ ಮನೆಯಲ್ಲಿ ಹೇಳಲಿಲ್ಲ. ಗುರುವಾರವೂ ಹೇಳಲಿಲ್ಲ. ಶುಕ್ರವಾರ ಸಂಜೆ ಕನ್ನಡಕದಂಗಡಿಯವನು ಕೈಯಲ್ಲಿ ಪೆಟ್ಟಿಗೆ ಹಿಡಿದು ಬಾಗಿಲಿಗೆ ಬಂದ. ಒಳಗೆ ಬನ್ನಿ ಅಂದರೂ ಬರಲಿಲ್ಲ. ತಂಗಿಗೆ ನಾಳೆ ಮಾತು ಕೊಡಬೇಕು, ಕೊಟ್ಟ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ಜಾತಿಯವನಲ್ಲ ನಾನು, ಅದಕ್ಕೇ ಕೊನೆಯ ಸಲ ಕೇಳಿಕೊಂಡು ಹೋಗೋಣ ಅಂತ ಬಂದೆ ಎಂದ. ಪುಟ್ಟಿ ತಿರುಗಿ ಅಕ್ಕನ ಮುಖ ನೋಡಿದಳು. ಅಕ್ಕ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ನಮ್ಮ ಮನೆಯವರು ಬರುತ್ತಾರಂತೆ ಎಂದು ಪುಟ್ಟಿ ಅವನಿಗೆ ಹೇಳಿದಳು. ಒಳ್ಳೆಯದಾಯಿತು ಎಂದು ಅವನು ಮನಸಾರೆ ಹೇಳಿ ಹೋದ.

ಸೋಮವಾರ ಘೋಷಣೆಯನ್ನು ಟಿವಿಯಲ್ಲಿ ಓದಿದರು. ಬೀದಿಯಲ್ಲಿ ಜನ ಒಬ್ಬರನ್ನೊಬ್ಬರು ತಬ್ಬಿಕೊಳ್ಳುತ್ತಿದ್ದರು. ಪುಟ್ಟಿ ಕುರ್ಚಿ ಎಳೆದುಕೊಂಡು ಹತ್ತಿರ ಕೂತಿದ್ದಳು. ಆರನೆಯದಾಗಿ ಸೇತುವೆ ಎಂದರು. ಏಳನೆಯದಾಗಿ ಎರಡು ದೇಶಗಳ ನಡುವಿನ ಅಂಚೆ ಎಂದರು.

“ಏಳನೇದು ಇದಲ್ವಲ್ಲ ಅಕ್ಕ.”

“ತೆಗೆದುಬಿಟ್ರು.”

“ಯಾವಾಗ?”

“ಬುಧವಾರ.”

ಪುಟ್ಟಿ ಮೆಲ್ಲಗೆ, “ಅವರು ಹೋಗಿದ್ದು ಶುಕ್ರವಾರ,” ಎಂದಳು.

ಹೇಳುವ ಹಾಗಿರಲಿಲ್ಲ, ಪ್ರಮಾಣ ಮಾಡಿದ್ದೆ ಎಂದು ಅಕ್ಕ ತೊದಲಿದಳು. ‘ಇರು’ ಅನ್ನುವಾಗ ಆ ಪ್ರಮಾಣ ಎಲ್ಲಿ ಹೋಗಿತ್ತು ಎಂದು ಪುಟ್ಟಿ ಕೇಳಿದಳು. ಅಕ್ಕನಿಗೆ ಉತ್ತರ ಗೊತ್ತಿತ್ತು. ಪ್ರಮಾಣ ಬರೀ ನೆಪ. ಪುಟ್ಟಿ ಆ ಮನೆಯಿಂದ ಹೊರಟ ದಿನವೇ ತಮ್ಮ ನಿಜವಾಗಿ ಸತ್ತ ಹಾಗೆ ಎಂಬ ಭಯ ಆಕೆಗೆ.

“ಒಬ್ಬಳೇ ಕಾಯೋಕೆ ನನ್ನ ಕೈಲಿ ಆಗ್ತಿರಲಿಲ್ಲ ಪುಟ್ಟಿ,” ಎಂದಳು.

ಪುಟ್ಟಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ನೀವು ಒಬ್ಬರೇ ಕಾಯ್ತಾ ಇದ್ದಿದ್ದು ಅಕ್ಕ. ಅವರು ಬರ್ತಾರೆ ಅನ್ನೋ ಆಸೆ ನನಗೆ ಹೋಗಿ ಎಷ್ಟೋ ವರ್ಷ ಆಯ್ತು. ನೀವು ಇರು ಅಂದ್ರಿ, ಅದಕ್ಕೆ ಇದ್ದೆ.”