ಅಮ್ಮ ಮತ್ತು ರೀಲ್ಸಿನ ಕೊಬ್ಬಿನ ಹುಡುಗಿ

ಪಿಓವಿ ರೀಲ್‌ನಲ್ಲಿ ನೋಡುವವರೇ ಒಂದು ಪಾತ್ರ. ಕ್ಯಾಮೆರಾ ನಿಮ್ಮ ಕಣ್ಣು. ತೆರೆಯ ಮೇಲಿನವಳು ನೇರ ನಿಮ್ಮನ್ನೇ ನೋಡಿ ಮಾತಾಡುತ್ತಾಳೆ. ನನಗೆ ಇಷ್ಟವಾಗಿದ್ದ ರೀಲುಗಳಲ್ಲಿ ನೀವು ಕಾಲೇಜಿಗೆ ಹೊಸಬರು, ಅವಳು ಎಲ್ಲರನ್ನೂ ಚುಚ್ಚುವ ಕೊಬ್ಬಿನ ಹುಡುಗಿ. ಮರಳೂರಿನ ನಮ್ಮ ಮನೆಯಲ್ಲಿ ಒಂದು ಭಾನುವಾರ ಅಮ್ಮ ಅವರೆಕಾಯಿ ಸುಲಿಯುತ್ತಾ ನನ್ನ ಫೋನಿಗೆ ಇಣುಕಿದಳು.

“ಈ ಡ್ರೆಸ್ ಎಲ್ಲಿ ಸಿಕ್ತು? ನಿಮ್ಮಜ್ಜಿ ಬೀರುನಲ್ಲಾ?” ಎಂದಳು ಹುಡುಗಿ.

“ನಮ್ಮಜ್ಜಿ ಗುಬ್ಬೀಲಿ ಉಡ್ತಿದ್ದ ಸೀರೆ ಮುಂದೆ ನಿಂದೇನೇ ಮಹಾ?” ಎಂದಳು ಅಮ್ಮ, ಫೋನಿಗೆ.

ನನಗೆ ಎಲ್ಲವನ್ನೂ ಎಣಿಸಿ ಬರೆದಿಡುವ ಚಟ. ಅಂದಿನಿಂದ ಡೈರಿಯಲ್ಲಿ ಅಮ್ಮನಿಗೊಂದು ಪುಟ: ಒಂದು ಕಡೆ ಹುಡುಗಿ ಚುಚ್ಚಿದ್ದು, ಇನ್ನೊಂದು ಕಡೆ ಅಮ್ಮ ತಿರುಗಿಸಿ ಅಂದದ್ದು. ಮೊದಲ ವಾರ ಹದಿನಾಲ್ಕಕ್ಕೆ ಹದಿನಾಲ್ಕು. ಜಗಳವಾಗದೆ ಒಬ್ಬಳನ್ನು ಬೈಯಬಹುದು, ಅದಕ್ಕೇ ಇಂಥವಳು ಎಲ್ಲರಿಗೂ ಹಿಡಿಸುತ್ತಾಳೆ ಎಂದು ಕೆಳಗೆ ಷರಾ ಹಾಕಿದೆ.

ಅಮ್ಮ ನಿಜವಾಗಿ ಉತ್ತರ ಕೊಡಬೇಕಿದ್ದದ್ದು ಬೇರೆಯವರಿಗೆ. ಕುಣಿಗಲ್ಲಿನ ಅತ್ತೆ, ಅಪ್ಪನ ತಂಗಿ, ಯಾವ ಸಮಾರಂಭದಲ್ಲೂ “ನಮ್ಮತ್ತಿಗೆ ಕೈ ಬಲೇ ಚುರುಕು, ಅವ್ರಿಗೆ ಈ ಫೋಟೋ ಗೀಟೋ ಎಲ್ಲಾ ಹಿಡ್ಸಲ್ಲ” ಎಂದು ಹತ್ತು ಜನರೆದುರು ಹೊಗಳುತ್ತಿದ್ದರು. ಹೊಗಳಿ ಹಿಂದಿನ ರೂಮಿಗೆ ಕಳಿಸುತ್ತಿದ್ದರು, ತಾಂಬೂಲದ ಕವರು ತುಂಬಲು. ಮನೆಯ ಒಂದು ಆಲ್ಬಮ್ಮಿನಲ್ಲೂ ಅಮ್ಮ ಇಲ್ಲ. ಈಗ ಅದೇ ಅತ್ತೆಯ ಹೊಸ ಮನೆಯ ಗೃಹಪ್ರವೇಶ. ಅಮ್ಮ ಹಸಿರು ರೇಷ್ಮೆ ಸೀರೆ ತಂದಿಟ್ಟುಕೊಂಡು, “ಈ ಸಲ ಮುಂದೆ ಕೂರ್ತೀನಿ ನೋಡ್ತಿರು” ಎಂದಿದ್ದಳು.

ಆದರೆ ಮೂರನೇ ವಾರ ನನ್ನ ಲೆಕ್ಕ ನೆಲಕಚ್ಚಿತು. ಅಮ್ಮ ಒಂದಕ್ಕೂ ಉತ್ತರ ಕೊಡುತ್ತಿರಲಿಲ್ಲ. ಒಂದೇ ರೀಲನ್ನು ಮತ್ತೆ ಮತ್ತೆ ಹಾಕಿಸಿಕೊಂಡು ತುಟಿ ಬಿಗಿದು ನೋಡುತ್ತಿದ್ದಳು.

“ಬೇಜಾರಾಯ್ತೇನಮ್ಮಾ?”

“ಸುಮ್ನಿರೇ. ಇನ್ನೊಂದ್ಸಲ ಹಾಕು.”

ಇವಳ ಧೈರ್ಯ ಇಳಿದುಹೋಯಿತು, ಮತ್ತೆ ಕವರೇ ಗತಿ ಎಂದುಕೊಂಡೆ. ಕುಣಿಗಲ್ಲಿಗೆ ಹೋಗುವ ದಿನ, ಬಸ್ಸು ಹೆಬ್ಬೂರು ದಾಟಿದ ಮೇಲೆ, ನಾನೇ ಒಂದೆರಡು ಖಾರದ ಉತ್ತರ ಹೇಳಿಕೊಡಲು ನೋಡಿದೆ. ಅಮ್ಮ ಕಿಟಕಿಯ ಕಡೆ ತಿರುಗಿಕೊಂಡಳು.

ಹೊಸ್ತಿಲು ದಾಟುವಷ್ಟರಲ್ಲಿ ಅತ್ತೆ ಬಂದರು. “ಬನ್ನಿ ಅತ್ತಿಗೆ, ನಿಮ್ಮನ್ನೇ ಕಾಯ್ತಿದ್ದೆ. ಕಾಯಿ, ಎಲೆ ಅಡಿಕೆ ಎಲ್ಲಾ ಒಳಗಿಟ್ಟಿದೀನಿ. ಏನಿದು, ಇಷ್ಟು ಗ್ರ್ಯಾಂಡಾಗಿ ಉಟ್ಕೊಂಬಂದ್ಬಿಟ್ಟಿದೀರಾ! ಹೋಗ್ಲಿ, ಸೆರಗು ಸೊಂಟಕ್ಕೆ ಸಿಗಿಸ್ಕೊಳಿ.”

ಅಮ್ಮ ತಲೆಯನ್ನು ಒಂಚೂರು ಓರೆ ಮಾಡಿದಳು. ಅತ್ತೆಯನ್ನು ಬೈತಲೆಯಿಂದ ಕಾಲುಂಗುರದವರೆಗೆ ನಿಧಾನವಾಗಿ ನೋಡಿದಳು, ಅಷ್ಟೇ ನಿಧಾನವಾಗಿ ಕಣ್ಣನ್ನು ವಾಪಸ್ಸು ಮೇಲಕ್ಕೆ ತಂದಳು. ಎಡಹುಬ್ಬು ಏರಿತು.

“ಯಾರು? ನಾನಾ?”

ಥೇಟ್ ರೀಲ್ಸಿನ ಹುಡುಗಿ! ನಾನು ಇಷ್ಟು ದಿನ ತಪ್ಪು ಕಡೆ ಎಣಿಸಿದ್ದೆ. ಅಮ್ಮ ಚುಚ್ಚಿಸಿಕೊಳ್ಳುವವಳ ಜಾಗದಲ್ಲಿ ಕೂತು ನೋಡುತ್ತಿದ್ದಾಳೆ ಅಂದುಕೊಂಡಿದ್ದೆ. ಅವಳು ಕಲಿಯುತ್ತಿದ್ದದ್ದು ಆ ಕೊಬ್ಬಿನವಳ ಹುಬ್ಬನ್ನು.

“ಅಲ್ಲ ಅತ್ತಿಗೆ... ಸುಮ್ನೆ ಅಂದೆ. ಬನ್ನಿ, ಕೂತ್ಕೊಳಿ” ಎಂದ ಅತ್ತೆಯ ಕಣ್ಣು ನನ್ನ ಮೇಲೆ ಬಿತ್ತು.

ಹೀಗಾಗಿ ಹಿಂದಿನ ರೂಮಿನಲ್ಲಿ ಕವರು ತುಂಬಿದ್ದು ನಾನು ಮತ್ತು ಅತ್ತೆ.

“ಏನಾಯ್ತೇ ನಿಮ್ಮಮ್ಮಂಗೆ?”

“ಫೋನು ಜಾಸ್ತಿ ಆಗಿದೆ ಅತ್ತೆ.”

ಬಾಗಿಲ ಸಂದಿಯಿಂದ ಮುಂದಿನ ಹಾಲ್ ಕಾಣುತ್ತಿತ್ತು. ಸೋಫಾದ ನಟ್ಟನಡುವೆ ಹಸಿರು ಸೀರೆ. “ಸ್ವಲ್ಪ ನಗಿ ಅಮ್ಮಾ” ಎಂದು ಫೋಟೋದವನು ಬೇಡಿಕೊಳ್ಳುತ್ತಿದ್ದ. ಅಮ್ಮ ಅವನನ್ನೂ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು. ಅವನು ತೆಪ್ಪಗೆ ಹಾಗೇ ಕ್ಲಿಕ್ಕಿಸಿದ.